ಗಡಿಗೆಗೆ ಒಂದು ಚಿಟಿಕೆ

"ಗುರುಗಳೇ, ಸರಿಯಾದುದನ್ನು ಹೇಳಿದೆ. ಕೇಳಬೇಕಾದವರು ಕೇಳಲಿಲ್ಲ. ಅಲ್ಲಿಗೆ ನನ್ನ ಹೊಣೆ ಮುಗಿಯಿತಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಹೆರಿಗೆ ಮಾಡಿಸುವುದು ಅವಳ ಕಸುಬು. ಅವಳಿಗೆ ಮಾತ್ರ ಮಕ್ಕಳಾಗಿರಲಿಲ್ಲ.

ಅದೇ ಊರಿನ ಕುಂಬಾರನ ಸೊಸೆ ಬಸುರಿಯಾದಳು. ಸೊಸೆಗೆ ತಾಯಿ ಇರಲಿಲ್ಲ. ಹಾಗಾಗಿ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕಿತ್ತು. ಏಳನೆಯ ತಿಂಗಳಿಂದ ಸೂಲಗಿತ್ತಿ ಎಂಟು ದಿನಕ್ಕೊಮ್ಮೆ ಬಂದು ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ತಿಳಿದುಕೊಂಡಳು. ಪಾದ ಒತ್ತಿ ಊತವಿದೆಯೇ ಎಂದು ನೋಡಿದಳು. ಎಲ್ಲ ಸರಿಯಾಗಿತ್ತು.

ನೋವು ಬಂದ ದಿನ ಅವಳು ಮೊಣಕೈವರೆಗೆ ಕೈ ತೊಳೆದು ಒಳಗೆ ಹೋದಳು. ಸೊಸೆಯನ್ನು ಮೆಲ್ಲಗೆ ನಡೆದಾಡಿಸಿದಳು. ಸೊಂಟ ನೀವಿದಳು. ಬಾಗಿಲ ಆಚೆಯಿಂದ ಅತ್ತೆ "ತಿಣುಕು, ತಿಣುಕು" ಎಂದು ಕೂಗಿದಳು. "ಈಗಲೇ ತಿಣುಕಿದರೆ ಸುಸ್ತಾಗುತ್ತಾಳೆ. ಹೊತ್ತು ಬಂದಾಗ ನಾನೇ ಹೇಳುತ್ತೇನೆ, ಅಕ್ಕ" ಎಂದು ಸೂಲಗಿತ್ತಿ ಕಾದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ಅತ್ತಿತು. ಮಾಸು ಪೂರ್ತಿಯಾಗಿ ಬಿತ್ತು, ರಕ್ತ ನಿಂತಿತು. ಮನೆಯವರು ಎಲ್ಲ ಮುಗಿಯಿತೆಂದುಕೊಂಡರು. ಸೂಲಗಿತ್ತಿ ದಿನವೂ ಬರುತ್ತಲೇ ಇದ್ದಳು.

ಮೂರನೆಯ ದಿನ ಬಾಣಂತಿಯ ತುಟಿ ಒಡೆದಿತ್ತು. ನಾಲಿಗೆ ಒಣಗಿತ್ತು. ಮೈ ಸ್ವಲ್ಪ ಬಿಸಿಯಾಗಿತ್ತು. ಸೂಲಗಿತ್ತಿ ಹಿತ್ತಲಿಗೆ ಹೋಗಿ, ಮಗು ಒದ್ದೆ ಮಾಡಿದ ಬಟ್ಟೆಗಳನ್ನು ಎಣಿಸಿದಳು. ಇಡೀ ದಿನಕ್ಕೆ ಒಂದೇ ಇತ್ತು. ಮಗುವಿಗೆ ಹಾಲು ಸಾಲುತ್ತಿಲ್ಲ ಎಂದು ಅವಳಿಗೆ ತಿಳಿಯಿತು.

ಬಾಣಂತಿಗೆ ನೀರು ಕೊಡಬಾರದು, ಕೊಟ್ಟರೆ ಮಗುವಿಗೆ ಶೀತವಾಗುತ್ತದೆ ಎಂಬುದು ಆ ಊರಿನ ಕಟ್ಟಳೆ. ಅತ್ತೆ ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ ಮಾತ್ರ ಕೊಡುತ್ತಿದ್ದಳು. ಮನೆಯ ತುಂಬ ಗಡಿಗೆಗಳಿದ್ದವು.

"ಅಕ್ಕ, ಇವಳಿಗೆ ನೀರು ಕೊಡಿ. ಕೇಳಿದಷ್ಟು ಕೊಡಿ" ಎಂದಳು ಸೂಲಗಿತ್ತಿ.

ಮಗುವನ್ನು ನೋಡಲು ಕೇರಿಯ ಹೆಂಗಸರು ಬಂದು ಕುಳಿತಿದ್ದರು. ಅತ್ತೆ ಅವರ ಕಡೆಗೊಮ್ಮೆ ನೋಡಿ, "ನಾನು ಐದು ಹೆತ್ತಿದ್ದೇನೆ. ನೀನು ಎಷ್ಟು ಹೆತ್ತಿದ್ದೀಯಮ್ಮ?" ಎಂದಳು.

ಹೆಂಗಸರು ನಕ್ಕರು. ಸೂಲಗಿತ್ತಿ ಎದ್ದು ಮನೆಗೆ ಬಂದಳು.

ಹೇಳಬೇಕಾದುದನ್ನು ಹೇಳಿಯಾಗಿತ್ತು. ಆದರೆ ಇನ್ನು ನಾಲ್ಕು ದಿನ ಹೀಗೇ ಬಿಟ್ಟರೆ ತಾಯಿ ಏಳಲಾರಳು, ಮಗು ಸೊರಗುತ್ತದೆ. ಅವಳು ಒಂದು ಹಿಡಿ ಜೀರಿಗೆ ಹುರಿದು, ಪುಡಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಮತ್ತೆ ಕುಂಬಾರನ ಮನೆಗೆ ಹೋದಳು. ಹೆಂಗಸರು ಇನ್ನೂ ಅಲ್ಲೇ ಇದ್ದರು.

"ಇದು ಹಾಲು ಬರಿಸುವ ಮದ್ದು. ಸಣ್ಣ ಗಡಿಗೆಯ ತುಂಬ ನೀರಿಗೆ ಒಂದು ಚಿಟಿಕೆ ಹಾಕಿ ಚೆನ್ನಾಗಿ ಕುದಿಸಬೇಕು. ಮಗು ಮೊಲೆ ಹಿಡಿದಾಗಲೆಲ್ಲ ತಾಯಿಗೆ ಬೆಚ್ಚಗೆ ಒಂದು ಲೋಟ ಕೊಡಬೇಕು. ನಡುವೆ ಕೇಳಿದರೂ ಕೊಡಬೇಕು. ಗಡಿಗೆ ಆ ದಿನವೇ ಬರಿದಾಗಬೇಕು."

"ಅಷ್ಟು ನೀರಿಗೆ ಚಿಟಿಕೆಯೇ?" ಎಂದಳು ಅತ್ತೆ.

"ಬಹಳ ಬಿರುಸಾದ ಮದ್ದು, ಅಕ್ಕ. ಹೆಚ್ಚು ಹಾಕಿಬಿಟ್ಟೀರಿ!"

ಅತ್ತೆ ಗಂಟು ಬಿಚ್ಚಿ ಮೂಸಿದಳು. ಎದ್ದು ಹೋಗಿ ಹೊಸ ಗಡಿಗೆಯೊಂದನ್ನು ತಂದು ಒಲೆಯ ಮೇಲಿಟ್ಟಳು.

ಮರುದಿನ ಹಿತ್ತಲ ಹಗ್ಗದ ಮೇಲೆ ಮಗುವಿನ ನಾಲ್ಕು ಬಟ್ಟೆಗಳಿದ್ದವು. ಆರನೆಯ ದಿನ ಏಳು. ಬಾಣಂತಿಯ ಮೈಬಿಸಿ ಇಳಿಯಿತು. ಮಗು ಹಾಲು ಕುಡಿದು, ಬಾಯಿ ತೆರೆದುಕೊಂಡೇ ಮಲಗಿತು. ಕೇರಿಯ ಹೆಂಗಸೊಬ್ಬಳು ತನ್ನ ಮಗಳಿಗೂ ಇರಲೆಂದು ಸೂಲಗಿತ್ತಿಯಿಂದ ಒಂದು ಗಂಟು ಮದ್ದು ಕೇಳಿ ಪಡೆದಳು.

ತಿಂಗಳು ತುಂಬಿತು. ಅತ್ತೆ ಸೊಸೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಸೂಲಗಿತ್ತಿಯನ್ನು ಊಟಕ್ಕೆ ಕರೆದು ಸೀರೆ ಕೊಟ್ಟಳು. ಸೂಲಗಿತ್ತಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಸೀರೆಯನ್ನು ಮುಟ್ಟದೆ ಹೇಳಿದಳು: "ಅಕ್ಕ, ನಾನೊಂದು ತಪ್ಪು ಮಾಡಿದ್ದೇನೆ. ಅದು ಮದ್ದಲ್ಲ. ಬರೀ ಜೀರಿಗೆ."

ಅತ್ತೆ ನಕ್ಕುಬಿಟ್ಟಳು. "ಮೂವತ್ತು ವರ್ಷ ಸಾರು ಮಾಡಿದವಳಿಗೆ ಜೀರಿಗೆಯ ವಾಸನೆ ಗೊತ್ತಾಗುವುದಿಲ್ಲವೇನೇ? ಅದೂ ಮುಗಿದು ಹತ್ತು ದಿನವಾಯಿತು. ಬರೀ ನೀರನ್ನೇ ಕಾಯಿಸಿ ಕೊಡುತ್ತಿದ್ದೇನೆ."

"ಮತ್ತೆ ನಾನು ಹೇಳಿದಾಗಲೇ ಕೊಡಬಹುದಿತ್ತಲ್ಲ?"

"ಅಷ್ಟು ಜನ ಕುಳಿತಿದ್ದರು. ನೀರು ಕೊಟ್ಟು, ನಾಳೆ ಮಗು ಒಂದು ಸಲ ಸೀನಿದರೆ ಕೊಟ್ಟವಳು ನಾನು. ಮದ್ದಾದರೆ ಕೊಟ್ಟವಳು ನೀನು!" ಎಂದು ಅತ್ತೆ ಮತ್ತೆ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನನ್ನ ಮೊದಲ ಬಾಣಂತನದಲ್ಲಿ, ಹಣೆಗೆ ಹಾಕಿದ ಒದ್ದೆ ಬಟ್ಟೆಯನ್ನು ಬಾಯಲ್ಲಿಟ್ಟು ಹೀರಿದ್ದೆ. ನನಗೆ ಯಾರೂ ಮದ್ದು ತರಲಿಲ್ಲ."

ಅವಳು ಸೀರೆಯನ್ನು ಎತ್ತಿ ಸೂಲಗಿತ್ತಿಯ ಮಡಿಲಿಗೆ ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆದರೂ ಸೂಲಗಿತ್ತಿ ಹೇಳಿದ್ದು ಸುಳ್ಳೇ. ಅದು ಸರಿಯೇ, ಗುರುಗಳೇ?"

ಗುರುಗಳು ಹೇಳಿದರು: "ಬಾಣಂತಿ ಈ ಪ್ರಶ್ನೆ ಕೇಳಲಿಲ್ಲ, ಅವಳಿಗೆ ಬಾಯಾರಿತ್ತು."