ಲಕ್ಕಿ ಗಿಡದ ನಿದ್ದೆ

"ಗುರುಗಳೇ, ತಿಂಗಳಿಗೊಮ್ಮೆ ಬರುತ್ತೇನೆ. ತಾವು ಹೇಳಿದ್ದನ್ನೆಲ್ಲ ಬರೆದುಕೊಂಡು ಊರಿಗೆ ಒಯ್ಯುತ್ತೇನೆ. ಆದರೂ ಈ ಮನಸ್ಸಿಗೆ ಯಾಕೆ ನೆಮ್ಮದಿಯಿಲ್ಲ?" ಎಂದು ಶಿಷ್ಯ ಕೇಳಿದ. ಆಗಲೂ ಅವನ ಕೈಯಲ್ಲಿ ಲೇಖನಿ ಸಿದ್ಧವಾಗಿತ್ತು.

ಗುರು ನಕ್ಕು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಹೆಂಡತಿಯೆಂದರೆ ಅವನಿಗೆ ಪ್ರಾಣ. ಅವಳ ತವರು ಒಂದು ಹಳ್ಳದ ದಂಡೆಯಲ್ಲಿತ್ತು. ದಂಡೆಯುದ್ದಕ್ಕೂ ಲಕ್ಕಿ ಗಿಡಗಳು ತಿಳಿನೇರಳೆ ಹೂಗೊಂಚಲು ಹೊತ್ತು ನೀರಿನ ಮೇಲೆ ಬಾಗಿದ್ದವು. ಅವುಗಳ ನೆರಳಿನಲ್ಲಿ ಮಲಗಿ ಬೆಳೆದವಳಿಗೆ ಗಂಡನ ಮನೆಯಲ್ಲಿ ಕಣ್ಣು ಹತ್ತಲಿಲ್ಲ. ದಿನದಿನಕ್ಕೆ ಸೊರಗಿ ಕಡ್ಡಿಯಾದಳು. ನಿದ್ದೆ ಬಾರದಿದ್ದರೆ ಈ ಹೆಣ್ಣು ಉಳಿಯುವುದಿಲ್ಲ ಎಂದುಬಿಟ್ಟ ವೈದ್ಯ.

ಲಕ್ಕಿ ಸೊಪ್ಪು ತರಲೆಂದು ಕುಂಬಾರ ಹಳ್ಳಕ್ಕೆ ಹೊರಟು ನಿಂತ.

"ನಾನೂ ಬರ್ಲಾ?" ಎಂದಳು ಹೆಂಡತಿ.

"ಈ ಬಿಸಿಲಲ್ಲಿ ನಿಂಗ್ಯಾಕೆ ದಣಿವು? ನಾನೇ ತರ್ತೀನಿ ಬಿಡು."

ಸೊಪ್ಪು ತಂದು ದಿಂಬಿಗೆ ತುಂಬಿದ. ನಿದ್ದೆ ಬರಲಿಲ್ಲ. ಗಿಡವನ್ನೇ ಕಿತ್ತು ತಂದು ಅಂಗಳದಲ್ಲಿ ನೆಟ್ಟ. ಲಕ್ಕಿ ಹಟದ ಗಿಡ, ಚಿಗುರಿತು, ಹೂವನ್ನೂ ಬಿಟ್ಟಿತು. ನಿದ್ದೆ ಮಾತ್ರ ಬರಲಿಲ್ಲ. ಕುಂಬಾರನ ಬುದ್ಧಿ ಮಣ್ಣು ಬಿಟ್ಟು ಎಲ್ಲಿಗೆ ಹೋದೀತು? ದೋಷ ಮಣ್ಣಿನದೇ ಎಂದುಕೊಂಡು ದಂಡೆಯ ಮಣ್ಣನ್ನು ಬುಟ್ಟಿಗಟ್ಟಲೆ ಹೊತ್ತು ತಂದು ಬುಡಕ್ಕೆ ಸುರಿದ. ಆಮೇಲೆ ಹಳ್ಳದ ಕಲ್ಲು. ಆಮೇಲೆ ಮಡಕೆಯಲ್ಲಿ ಹಳ್ಳದ ನೀರು.

ಒಂದು ಮಧ್ಯಾಹ್ನ ಮಡಕೆ ತುಂಬಿಸಿಟ್ಟು, ಸುಧಾರಿಸಿಕೊಳ್ಳಲೆಂದು ಅಲ್ಲೇ ಕುಳಿತ. ನೀರು ಗುಣುಗುತ್ತಿತ್ತು. ಗಾಳಿ ಬೀಸಿದಾಗ ಎಲೆಗಳು ಬೆಳ್ಳಗೆ ಮಗುಚಿ ಮತ್ತೆ ಹಸಿರಾಗುತ್ತಿದ್ದವು. ಲಕ್ಕಿಯ ಕಂಪು ಹಗುರಾಗಿ ಬಂದು ರೆಪ್ಪೆಯ ಮೇಲೆ ಕೂತಂತಾಯಿತು. ತಾನೇ ಹಳ್ಳವಾಗಿ ಎಲ್ಲಿಗೋ ಹರಿದು ಹೋಗುತ್ತಿರುವ ಕನಸು ಬಿತ್ತು. ಎದ್ದಾಗ ಹೊತ್ತು ಇಳಿದಿತ್ತು, ಎದೆಯ ಮೇಲೆಲ್ಲ ಹೂವು ಉದುರಿತ್ತು.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಬಾಡಿದ ನಗೆ ನಕ್ಕಳು. "ನಿಮಗೆ ಒಳ್ಳೇ ನಿದ್ದೆ ಹತ್ತಿತ್ತಲ್ವಾ?"

ಕುಂಬಾರ ಮರುದಿನ ಮುಂಜಾನೆಯೇ ತಿಗರಿಯ ಮುಂದೆ ಕೂತು, ಇನ್ನೂ ದೊಡ್ಡ ಮಡಕೆ ಮಾಡತೊಡಗಿದ.

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯ ಬರೆದುಕೊಳ್ಳುತ್ತಲೇ, "ಅಯ್ಯೋ ದಡ್ಡ! ಅಷ್ಟು ಸಲ ಹೋದವನು ಒಂದು ಸಲ ಅವಳನ್ನೇ ಕರೆದುಕೊಂಡು ಹೋಗಬಾರದಿತ್ತೇ?" ಎಂದ.

"ನೀನು ನಿನ್ನ ಮನಸ್ಸನ್ನು ಒಂದು ಸಲವಾದರೂ ಇಲ್ಲಿಗೆ ಕರೆತಂದಿದ್ದೀಯೇನಪ್ಪ?" ಎಂದರು ಗುರು.