ದುರ್ಗವ್ವನ ಚೀಲದ ಪರೀಕ್ಷಕ

ದುರ್ಗವ್ವ ಕೈಯಾರೆ ಹೊಲಿದ ತೊಗಲಿನ ಚೀಲಗಳನ್ನು ಹೊತ್ತು ತಂದು ಹುಬ್ಬಳ್ಳಿಯ ಮೇಳದಲ್ಲಿ ಮೊದಲ ಸಲ ಅಂಗಡಿ ಹಾಕಿದ್ದಳು. ಎದುರಿಗೆ ‘ಅಪ್ಪಟ ತೊಗಲು’ ಅಂತ ಬೋರ್ಡ್ ಹಾಕಿದ್ದ ದೊಡ್ಡ ಅಂಗಡಿಯ ಮಾಲೀಕ ಜನರ ನಡುವೆ ನಿಂತು ಕೂಗಿದ: "ಈಕಿದು ತೊಗಲಲ್ಲ, ರೆಕ್ಸಿನ್! ಅಂಗಡಿ ಮುಚ್ಚಸ್ರಿ!"

ಮೇಳದ ಅಧಿಕಾರಿ ಬೀಗ ಹಿಡಿದು ಬಂದೇಬಿಟ್ಟ. ಕೊಳ್ಳಲು ಬಂದವರು ಚೀಲಗಳನ್ನು ಕೆಳಗಿಟ್ಟರು. ದುರ್ಗವ್ವ ಅಧಿಕಾರಿಗೆ ಅಡ್ಡ ನಿಂತಳು.

"ಪರೀಕ್ಷಾ ಮಾಡಿ ಮುಚ್ಚಸ್ರಿ, ಸಾಹೇಬ್ರ," ಅಂದಳು.

ತನ್ನದೊಂದು, ಮಾಲೀಕನದೊಂದು ಚೀಲ ನೆಲದ ಮೇಲಿಟ್ಟಳು. ಮೇಳದ ತುಂಬ ಜನರ ತೊಗಲಿನ ಚಪ್ಪಲಿಗಳನ್ನಷ್ಟೇ ಕಚ್ಚಿಕೊಂಡು ಹೋಗುತ್ತಿದ್ದ ಬೀದಿನಾಯಿಯನ್ನು ಕರೆದಳು.

ನಾಯಿ ಮಾಲೀಕನ ಚೀಲ ಮೂಸಿ ಮುಖ ತಿರುಗಿಸಿತು. ದುರ್ಗವ್ವನ ಚೀಲ ಕಚ್ಚಿಕೊಂಡು ಓಟ ಕಿತ್ತಿತು.

ಅಧಿಕಾರಿ ಬೀಗ ಹಿಡಿದು ಎದುರಿನ ಅಂಗಡಿಯತ್ತ ತಿರುಗಿದ.

"ನಾಯಿಗೇನ ತಿಳಿತೈತಿ?" ಮಾಲೀಕ ಚೀರಿದ.

"ತೊಗಲಷ್ಟ ತಿಳಿತೈತ್ರಿ," ಅಂದಳು ದುರ್ಗವ್ವ. "ನಿಮ್ಮ ಬೋರ್ಡ್ ಓದಾಕ ಬರಂಗಿಲ್ಲ."