ನಡುಗಡ್ಡೆಯ ಬಿಳಿ ಡಬ್ಬಿ

ಕೃಷ್ಣಾ ನದಿಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಎರಡು ಕೋಣೆ, ಒಂದು ಬೇವಿನ ಮರ, ಮರಕ್ಕೊಂದು ಗಂಟೆ. ನಿರುಪಾಧಿ ಅಜ್ಜ ಅಲ್ಲಿಯ ಗುರುಗಳು.

ಆಶ್ರಮಕ್ಕೆ ಎರಡೇ ಕಟ್ಟುಪಾಡು. ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಹೋಗೆನ್ನುವುದಿಲ್ಲ. ಮತ್ತೆ, ಶಿಷ್ಯ ಕೇಳದೆ ಗುರು ಹೇಳುವುದಿಲ್ಲ. ಅಜ್ಜನ ಗುರುಗಳ ಕಾಲದಿಂದ ಹಾಗೇ ನಡೆದುಬಂದಿತ್ತು. ಅಜ್ಜ ಒಮ್ಮೆಯೂ ಅದನ್ನು ಮೀರಿದವರಲ್ಲ.

ಕೇಳಲಿ ಬಿಡಲಿ, ಉಪದೇಶ ಮಾಡುವವರೇ ತುಂಬಿರುವ ಕಾಲ ಇದು. ಎಂಥ ಒಳ್ಳೆಯ ಕಟ್ಟು ಎಂದು ನೋಡಿದವರೆಲ್ಲ ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ.

ಅಜ್ಜನ ಶಿಷ್ಯ ತಿಪ್ಪಣ್ಣ. ಹೊಳೆಯ ನಡುವಿನ ಗಡ್ಡೆಯ ಊರಿನವ, ಅಂಬಿಗರ ಮನೆಯವ. ಅಪ್ಪ ತೀರಿಕೊಂಡ ವರ್ಷವೇ ತೆಪ್ಪದ ಹುಟ್ಟನ್ನು ಅಣ್ಣ ಹುಲಗಪ್ಪನ ಕೈಗೆ ಬಿಟ್ಟು ಆಶ್ರಮ ಸೇರಿದ್ದ. ಮನೆಯಲ್ಲಿ ಒಂದು ಮಾತೂ ಹೇಳದೆ ಬಂದಿದ್ದ.

ಹುಲಗಪ್ಪ ದಂಡೆಗೆ ಬಂದು, ಬಾಯಿಗೆ ಬಂದಂತೆ ಬೈದು ಹೋದ. ಅಂದಿನಿಂದ ಅಣ್ಣ ತಮ್ಮಂದಿರಲ್ಲಿ ಮಾತಿಲ್ಲ.

"ಬಿಟ್ಟು ಹೋದವ ತಾನ ಮೊದಲು ಮಾತಾಡ್ಲಿ," ಎಂದು ಅಣ್ಣ ಊರವರ ಮುಂದೆ ಹೇಳುತ್ತಿದ್ದನಂತೆ.

ಬೈದವನೇ ಮೊದಲು ಮಾತಾಡಲಿ ಎಂದು ತಮ್ಮ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ಸಂಜೆ ದಂಡೆಯ ಕಲ್ಲಿನ ಮೇಲೆ ಕೂತು, ಅಣ್ಣನ ತೆಪ್ಪ ಗಡ್ಡೆ ಮುಟ್ಟುವವರೆಗೆ ನೋಡಿ ಒಳಗೆ ಬರುತ್ತಿದ್ದ.

ಅಜ್ಜ ಅದನ್ನು ನೋಡುತ್ತಿದ್ದರು. ತಿಪ್ಪಣ್ಣ ಏನೂ ಕೇಳಲಿಲ್ಲ. ಅಜ್ಜ ಏನೂ ಹೇಳಲಿಲ್ಲ.

ಹೀಗೆ ವರ್ಷಗಳು ಹೋದವು.

ಮಳೆಗಾಲದಲ್ಲಿ ಹೊಳೆ ಏರಿದರೆ ಗಡ್ಡೆಗೆ ತೆಪ್ಪ ಹೋಗುವುದಿಲ್ಲ. ಫೋನು ಅಲ್ಲಿ ಯಾವ ಕಾಲದಲ್ಲೂ ಹತ್ತುವುದಿಲ್ಲ. ಕಾಯಿಲೆ ಬಿದ್ದವರಿಗೆ ದೇವರೇ ಗತಿ. ಅದನ್ನು ಕಂಡು ಮರುಗಿದ ಭಕ್ತರೊಬ್ಬರು ಎರಡು ಬಿಳಿ ಡಬ್ಬಿ ತಂದುಕೊಟ್ಟರು. ನೋಡಲು ಊಟದ ತಾಟಿನ ಹಾಗೆ ಅಗಲ, ಬೆನ್ನಿಗೊಂದು ಸಣ್ಣ ದೀಪ.

ಒಂದು ಡಬ್ಬಿಯನ್ನು ಆಶ್ರಮದ ಕಂಬಕ್ಕೆ ಕಟ್ಟಬೇಕು, ಇನ್ನೊಂದನ್ನು ಗಡ್ಡೆಯ ಶಾಲೆಯ ಮಾಳಿಗೆಗೆ. ಎರಡೂ ಒಂದರ ಮುಖ ಒಂದು ನೋಡಬೇಕು. ಆಗ ಆಶ್ರಮದ ಇಂಟರ್ನೆಟ್ಟು ತಂತಿಯಿಲ್ಲದೆ ಹೊಳೆ ದಾಟುತ್ತದೆ. ಗಡ್ಡೆಯವರು ಕೂತಲ್ಲೇ ಡಾಕ್ಟರ ಮುಖ ನೋಡಿ ಮಾತಾಡಬಹುದು.

"ಒಂದು ಡಬ್ಬಿ ತನ್ನ ಹೆಸರು ಹೇಳಿ ಕೂಗತೈತಿ," ಎಂದು ಭಕ್ತರು ತಿಪ್ಪಣ್ಣನಿಗೆ ತಿಳಿಸಿದರು. "ಇನ್ನೊಂದು ಕಾಯ್ಕೋತ ಇರತೈತಿ. ಕೂಗು ಕೇಳಿದ ಕೂಡ್ಲೆ ಓ ಅಂತೈತಿ. ಯಾವುದು ಕೂಗಬೇಕು, ಯಾವುದು ಕಾಯಬೇಕು ಅಂತ ನೀವ ಹೇಳಿ ಕೊಡಬೇಕು. ಹೆಸರು, ಪಾಸ್‌ವರ್ಡು ಎರಡಕ್ಕೂ ಒಂದ ಇರಲಿ."

"ತಿಳೀತ್ರಿ," ಎಂದ ತಿಪ್ಪಣ್ಣ.

ಮೊದಲು ಆಶ್ರಮದ ಡಬ್ಬಿ. ತಿಪ್ಪಣ್ಣ ಲ್ಯಾಪ್‌ಟಾಪ್ ತೆರೆದ. ಹೆಸರು ಕೊಟ್ಟ, ಪಾಸ್‌ವರ್ಡು ಕೊಟ್ಟ. ಇದು ಕೂಗುವ ಡಬ್ಬಿಯೋ ಕಾಯುವ ಡಬ್ಬಿಯೋ ಎಂದು ಪರದೆ ಕೇಳಿತು.

ಅವನು ಹೆಚ್ಚು ಯೋಚಿಸಲಿಲ್ಲ. ಆಶ್ರಮ ಯಾರನ್ನೂ ಕರೆಯುವುದಿಲ್ಲ. ಬೇಕಾಗಿರುವುದು ಗಡ್ಡೆಯವರಿಗೆ, ಅವರ ಡಬ್ಬಿ ಕೂಗಲಿ. ಇದು ಕಾಯಲಿ ಎಂದು ಒತ್ತಿದ.

ಎರಡನೆಯ ಡಬ್ಬಿ ಹೊತ್ತುಕೊಂಡು ದಂಡೆಗೆ ಇಳಿದ. ಗಡ್ಡೆಗೆ ಇದ್ದದ್ದು ಒಂದೇ ತೆಪ್ಪ, ಅದು ಹುಲಗಪ್ಪನದು.

ತಿಪ್ಪಣ್ಣ ಹತ್ತಿದ. ಹುಲಗಪ್ಪ ಹುಟ್ಟು ಹಾಕಿದ.

ಅಣ್ಣನ ಗಡ್ಡ ಬೆಳ್ಳಗಾಗಿತ್ತು. ನಡುನಡುವೆ ಕೆಮ್ಮುತ್ತಿದ್ದ. ಯಾವಾಗಿನಿಂದ ಕೆಮ್ಮು ಎಂದು ಕೇಳಬೇಕೆನಿಸಿತು ತಿಪ್ಪಣ್ಣನಿಗೆ. ಅಣ್ಣನೇ ಹೇಳಲಿ ಎಂದು ಸುಮ್ಮನಾದ.

ನಡುನೀರಿನಲ್ಲಿ ಗಾಳಿ ಎದ್ದು ಹನಿ ಸಿಡಿಯತೊಡಗಿತು. ಹುಲಗಪ್ಪ ತಲೆಯ ಟವೆಲು ಬಿಚ್ಚಿ ತಮ್ಮನ ತೊಡೆಯ ಮೇಲಿದ್ದ ಡಬ್ಬಿಗೆ ಹೊದಿಸಿದ. ಇನ್ನೇನು ಮಾತಾಡುತ್ತಾನೆ ಎಂದು ತಿಪ್ಪಣ್ಣ ಅವನ ಮುಖ ನೋಡಿದ. ಹುಲಗಪ್ಪ ಮತ್ತೆ ನೀರು ನೋಡುತ್ತ ಹುಟ್ಟು ಹಾಕಿದ.

ಶಾಲೆಯ ಶಾಂಭವಿ ಟೀಚರ್ ಗಡ್ಡೆಯಲ್ಲೇ ಮನೆ ಮಾಡಿಕೊಂಡಿದ್ದರು. ಅವರು ಏಣಿ ಹಿಡಿದರು. ತಿಪ್ಪಣ್ಣ ಮಾಳಿಗೆ ಹತ್ತಿ, ದೂರದ ಆಶ್ರಮದ ಕಂಬಕ್ಕೆ ನೇರವಾಗಿ ಡಬ್ಬಿಯ ಮುಖ ಮಾಡಿ ಬಿಗಿದ. ಲ್ಯಾಪ್‌ಟಾಪ್ ತೆರೆದು ಕೂತ.

ಮಾಳಿಗೆಯಿಂದ ದಂಡೆ ಕಾಣುತ್ತಿತ್ತು. ಹುಲಗಪ್ಪ ತೆಪ್ಪದ ಹಗ್ಗ ಕೈಯಲ್ಲಿ ಹಿಡಿದು ಮೇಲೆ ನೋಡುತ್ತ ನಿಂತಿದ್ದ.

ಮನೆಗೆ ಬಾ ಅಂದರೆ ಹೋಗುತ್ತೇನೆ ಎಂದುಕೊಂಡ ತಿಪ್ಪಣ್ಣ. ಅತ್ತಿಗೆ ರೊಟ್ಟಿ ಬಡಿಯುವ ಹೊತ್ತು. ಒಂದು ಮಾತು ಅಂದರೆ ಸಾಕು, ಇಳಿದು ಹೋಗಿಬಿಡುತ್ತೇನೆ. ಬಾ ಅನ್ನಲಿ.

ಮನಸ್ಸು ದಂಡೆಯ ಮೇಲಿತ್ತು. ಬೆರಳು ತನ್ನ ಪಾಡಿಗೆ ತಾನು ಆಶ್ರಮದಲ್ಲಿ ಒತ್ತಿದ್ದನ್ನೇ ಇಲ್ಲಿಯೂ ಒತ್ತಿತು.

ತಿರುಗಿ ಬರುವಾಗಲೂ ಮಾತಿಲ್ಲ. ಈಚೆ ದಂಡೆಯಲ್ಲಿ ತಿಪ್ಪಣ್ಣ ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತ. ಹುಲಗಪ್ಪನೂ ತೆಪ್ಪವನ್ನು ಕಲ್ಲಿಗೆ ಆನಿಸಿ ಸ್ವಲ್ಪ ಹೊತ್ತು ನಿಲ್ಲಿಸಿದ. ಆಮೇಲೆ ಹುಟ್ಟಿನಿಂದ ಕಲ್ಲನ್ನು ನೂಕಿ ಹೊರಟ.

ಡಬ್ಬಿಗೆ ಹೊದಿಸಿದ್ದ ಟವೆಲು ತಿಪ್ಪಣ್ಣನ ಹೆಗಲ ಮೇಲೇ ಉಳಿಯಿತು.

ಮರುದಿನ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರು. ಹೊಳೆ ಏರಿತು, ತೆಪ್ಪ ನಿಂತಿತು.

ಡಬ್ಬಿಯ ದೀಪ ಕೆಂಪಗೇ ಇತ್ತು. ಎರಡೂ ಸೇರಿದರೆ ಹಸಿರಾಗಬೇಕು.

ತಿಪ್ಪಣ್ಣ ಕಂಬ ಹತ್ತಿದ. ಡಬ್ಬಿಯನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮತ್ತೆ ಮೊದಲಿನಂತೆ ಇಟ್ಟ. ಬೇವಿನ ಟೊಂಗೆ ಅಡ್ಡ ಬಂದಿದೆ ಎಂದು ಕಡಿದ. ಗಾಳಿಯನ್ನು ಬೈದ, ಮಳೆಯನ್ನು ಬೈದ. ಆಚೆ ಡಬ್ಬಿಯನ್ನು ಗಡ್ಡೆಯ ಹುಡುಗರು ಮುಟ್ಟಿ ಕೆಡಿಸಿದ್ದಾರೆ ಎಂದ. ತನ್ನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಬೈದ.

ಅಜ್ಜ ಬಾಗಿಲಲ್ಲಿ ಕೂತು ನೋಡುತ್ತಿದ್ದರು.

ದಿನ ಕಳೆದವು. ಕೊನೆಗೊಂದು ಮಧ್ಯಾಹ್ನ ತಿಪ್ಪಣ್ಣ ಕಂಬದಿಂದ ಇಳಿದು ಬಂದು ಅಜ್ಜನ ಮುಂದೆ ಕುಕ್ಕರಿಸಿದ.

"ಅಜ್ಜಾರ, ಹೆಸರು ಒಂದ ಐತಿ. ಪಾಸ್‌ವರ್ಡು ಒಂದ ಐತಿ. ಎದುರಾಬದುರ ಮುಖ ಮಾಡಿ ನಿಂತಾವು. ಆದ್ರೂ ಯಾಕ ಸೇರವಲ್ವು?"

ಶಿಷ್ಯ ಕೇಳಿದ. ಅಜ್ಜ ಬಾಯಿ ಬಿಟ್ಟರು.

"ಈ ಡಬ್ಬಿ ಈಗ ಏನು ಮಾಡಾಕತ್ತೈತಿ?"

"ಕಾಯಾಕತ್ತೈತ್ರಿ. ಅದು ಕೂಗೋದನ್ನ."

"ಅದು ಏನು ಮಾಡಾಕತ್ತೈತಿ?"

ತಿಪ್ಪಣ್ಣ ಹೇಳಲು ಹೋಗಿ ನಿಂತ. ಮಾಳಿಗೆಯ ಮೇಲೆ ಕೂತದ್ದು, ಅಣ್ಣ ಹಗ್ಗ ಹಿಡಿದು ಮೇಲೆ ನೋಡುತ್ತಿದ್ದದ್ದು, ತನ್ನ ಬೆರಳು ಒತ್ತಿದ್ದು ಎಲ್ಲ ಒಟ್ಟಿಗೇ ನೆನಪಾಯಿತು.

"ಅದೂ ಕಾಯಾಕತ್ತೈತ್ರಿ," ಎಂದ.

ತಿಪ್ಪಣ್ಣ ಏರಿದ ಹೊಳೆಯ ಕಡೆ ನೋಡಿದ.

"ಆ ಡಬ್ಬಿ ಮುಟ್ಟಾಕ ಈಗ ಹೊಳಿ ಬಿಡಂಗಿಲ್ರಿ. ಈ ಕಡೀದನ್ನ ಕೂಗೋ ಹಂಗ ಮಾಡಿದ್ರ ಅದು ಓ ಅಂತೈತಿ. ಆದ್ರ ಆಶ್ರಮ ಯಾರನ್ನೂ ಕರಿಯಂಗಿಲ್ಲಲ್ರಿ. ಕಟ್ಟು ಮುರದಂಗ ಆಗಂಗಿಲ್ಲೇನ್ರಿ?"

"ಆ ಕಟ್ಟು ನನಗ ಐತಿ, ನಿನಗ ಐತಿ," ಎಂದರು ಅಜ್ಜ. "ಡಬ್ಬಿಗೆ ಯಾರು ಹಾಕಿದ್ರು?"

ತಿಪ್ಪಣ್ಣ ಓಡಿದ. ಲ್ಯಾಪ್‌ಟಾಪ್ ತೆರೆದು, ಇದು ಕೂಗುವ ಡಬ್ಬಿ ಎಂದು ಒತ್ತಿದ.

ದೀಪ ಹಸಿರಾಯಿತು.

ಮಂದವಾಗಿ ಸೇರಿದ್ದಲ್ಲ, ಪರದೆಯ ಮೇಲಿನ ಸಿಗ್ನಲ್ ಗೆರೆಗಳೆಲ್ಲ ತುಂಬಿ ನಿಂತಿದ್ದವು. ಅಂದರೆ ಅಷ್ಟು ಗಾಳಿ ಬೀಸಿದ ಮೇಲೂ ಆಚೆ ಡಬ್ಬಿ ಅಲುಗದೆ ಆಶ್ರಮದ ಕಡೆಗೇ ನೇರ ನೋಡುತ್ತ ನಿಂತಿತ್ತು. ತಾನು ಅಷ್ಟು ಚೆನ್ನಾಗಿ ಬಿಗಿದಿರಲಿಲ್ಲ ಎಂಬುದು ತಿಪ್ಪಣ್ಣನಿಗೆ ಗೊತ್ತಿತ್ತು.

ಶಾಲೆಯ ಕಡೆಗೆ ಕರೆ ಹಚ್ಚಿದ. ಪರದೆಯಲ್ಲಿ ಶಾಂಭವಿ ಟೀಚರ್ ಕಂಡರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ.

"ಟೀಚರ್, ಹತ್ತಿತ್ರಿ! ಕೇಳಾಕತ್ತೈತೇನ್ರಿ?"

"ಕೇಳಾಕತ್ತೈತಿ, ತಿಪ್ಪಣ್ಣ," ಎಂದರು ಟೀಚರ್. ಕಣ್ಣು ಕೆಳಗೆ ಮಾಡಿದರು.

"ಏನಾತ್ರಿ?"

"ನೀವು ಹೋದ ಮ್ಯಾಲ ದೊಡ್ಡ ಗಾಳಿ ಬೀಸಿತು. ಡಬ್ಬಿ ಮುಖ ಬ್ಯಾರೆ ಕಡೆ ಹೊಳ್ಳಿಬಿಟ್ಟಿತ್ತು. ನಿಮ್ಮಣ್ಣ ಮಳಿಯಾಗ ಮಾಳಿಗಿ ಹತ್ತಿದ. ಆಶ್ರಮದ ಕಡೆ ಮುಖ ಮಾಡಿ ಅದನ್ನ ಹಿಡಕೊಂಡು ನಿಂತ. ಇಳೀಯೋ ಹುಲಗಪ್ಪ ಅಂದ್ರ ಇಳೀಲಿಲ್ಲ. ಗಾಳಿ ನಿಂತ ಮ್ಯಾಲ ತೆಪ್ಪದ ಹಗ್ಗ ತಂದು ಬಿಗಿದು ಕಟ್ಟಿದ. ಅವತ್ತ ಜ್ವರ ಬಂತು. ಮೊದಲಿಂದಾನ ಎದಿ ಕೆಟ್ಟಿತ್ತು. ನಮ್ಮ ಕೈಯಾಗಿನ ಗುಳಿಗಿ ಕೊಟ್ವಿ. ಡಾಕ್ಟರಿಗೆ ತೋರ್ಸೋಣ ಅಂದ್ರ ಡಬ್ಬಿ ಹತ್ತಿದ್ದಿಲ್ಲ."

ತಿಪ್ಪಣ್ಣ ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿನ್ನೆ ಮಣ್ಣು ಮಾಡಿದ್ವಿ, ತಿಪ್ಪಣ್ಣ."

ಹೊಳೆಯ ಸದ್ದು ಒಂದೇ ಕೇಳುತ್ತಿತ್ತು. ಅದು ಎರಡೂ ಕಡೆಯಿಂದ ಕೇಳುತ್ತಿತ್ತು, ಆಶ್ರಮದ ಹೊರಗೂ, ಪರದೆಯ ಒಳಗೂ.

ಟೀಚರ್ ಪಕ್ಕಕ್ಕೆ ಸರಿದರು. ಹಿಂದೆ ಗೋಡೆಗೆ ಒರಗಿ ಅತ್ತಿಗೆ ಲಚಮವ್ವ ಕೂತಿದ್ದಳು. ಬರಿಗೈ. ಪರದೆಯ ಕಡೆ ನೋಡಿದಳು, ಮಾತಾಡಲಿಲ್ಲ.

ಈ ಸಲ ತಿಪ್ಪಣ್ಣ ಕಾಯಲಿಲ್ಲ.

"ಅತ್ತಿಗೀ," ಎಂದ. "ತಪ್ಪು ನಂದು. ನಾನ ಮಾತಾಡಬೇಕಿತ್ತು."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಹೇಳಿದಳು.

"ಜ್ವರದಾಗೂ ದಿನಾ ಕೇಳತಿದ್ದ. ದೀಪ ಹಸರಾತೇನ ನೋಡಿ ಬಾ ಅಂತಿದ್ದ. 'ಇದರಾಗ ತಮ್ಮನ ಮುಖ ಕಾಣತೈತಂತ ನೋಡು. ಮೊದಲ ಮಾತು ಅವಂದು ಇರಲಿ. ಎರಡನೇದು ನಾ ಆಡ್ತೀನಿ' ಅಂತಿದ್ದ."

"ಏನಂತ ಆಡಾಂವ ಇದ್ದ, ಅತ್ತಿಗೀ?"

"ಹೇಳಲಿಲ್ಲಪ್ಪ. ನಿನಗಂತ ಇಟಗೊಂಡಿದ್ದ."

ತಿಪ್ಪಣ್ಣ ಅತ್ತ. ಆಶ್ರಮದಲ್ಲಿ ಅಳಬಾರದು ಎಂಬ ಕಟ್ಟು ಇರಲಿಲ್ಲ. ಇದ್ದಿದ್ದರೂ ಅವನು ಅಳುತ್ತಿದ್ದ.

ಆ ಸಂಜೆ ಗಡ್ಡೆಯ ಒಬ್ಬ ಬಾಣಂತಿ ಡಾಕ್ಟರ ಜೊತೆ ಮಾತಾಡಿದಳು. ಒಬ್ಬ ಮುದುಕ ತನ್ನ ಕಾಲಿನ ಹುಣ್ಣು ತೋರಿಸಿದ. ದೀಪ ಹಸಿರಾಗಿಯೇ ಇತ್ತು. ತಿಪ್ಪಣ್ಣ ದಂಡೆಯ ಕಲ್ಲಿನ ಮೇಲೆ ಕೂತಿದ್ದ. ಗಡ್ಡೆಯ ಕಡೆ ಹೋಗುವ ತೆಪ್ಪವಿರಲಿಲ್ಲ, ನೋಡಲು ಏನೂ ಇರಲಿಲ್ಲ.

ಎದ್ದು ಅಜ್ಜನ ಕೋಣೆಗೆ ಬಂದ. ಅಜ್ಜ ತಮ್ಮ ಗದ್ದುಗೆಯ ಮೇಲೆ ಕೂತಿದ್ದರು. ಅವನು ನಮಸ್ಕಾರ ಮಾಡಲಿಲ್ಲ.

"ಅಜ್ಜಾರ, ದಿನಾ ಸಂಜೀಕ ನಾ ಆ ಕಲ್ಲಿನ ಮ್ಯಾಲ ಕುಂದರತಿದ್ದೆ. ನೀವು ನೋಡತಿದ್ರಿ."

"ನೋಡತಿದ್ದೆ."

"ಯಾರನ್ನ ನೋಡಾಕ ಕುಂದರತೀನಿ ಅಂತ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಹಂಗಾರ ಒಂದ ಒಂದು ಮಾತು ಹೇಳಬಾರದಿತ್ತೇನ್ರಿ? ಹೋಗೋ ತಿಪ್ಪಣ್ಣ, ಅಣ್ಣನ್ನ ಮಾತಾಡ್ಸು ಅಂದಿದ್ರ ನಾ ಈಜಿಕೊಂಡು ಹೋಗತಿದ್ದೆ. ಯಾಕ ಹೇಳಲಿಲ್ಲ, ಅಜ್ಜಾರ?"

ಅಜ್ಜ ಗದ್ದುಗೆಯಿಂದ ಇಳಿದರು. ಗೋಡೆ ಹಿಡಿದು ನಿಧಾನವಾಗಿ ನಡೆದು ಬಂದು, ಬರಿ ನೆಲದ ಮೇಲೆ ಶಿಷ್ಯನ ಪಕ್ಕದಲ್ಲಿ ಕೂತರು. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ನೀ ಮೊದಲು ಕೇಳ್ಲಿ ಅಂತ ನಾನೂ ಕಾಯ್ಕೋತ ಕುಂತಿದ್ದೆ, ತಮ್ಮಾ."